ಕಡ್ಲಿಹಾಳದ ಕೊನೆಯ ಫಾರಂ

ಕರಿಗರುಡ ಬರೆದದ್ದು ಸುಳ್ಳಾಗುವುದಿಲ್ಲ. ಕಡ್ಲಿಹಾಳದಲ್ಲಿ ಆಗ ಎಲ್ಲರೂ ಹಾಗೆ ನಂಬಿದ್ದರು. ಓದಲು ಬರುವವರು ನಂಬಿದ್ದರು. ಬಾರದವರು ಇನ್ನೂ ಗಟ್ಟಿಯಾಗಿ ನಂಬಿದ್ದರು.

ಯಾವ ಇಸವಿ ಎಂದು ಕೇಳಬೇಡಿ. ಊರಿಗೆ ದಿನಕ್ಕೊಂದೇ ಬಸ್ಸು ಬರುತ್ತಿದ್ದ ಕಾಲ, ಆ ಬಸ್ಸೂ ಮನಸ್ಸಾದರೆ ಬರುತ್ತಿದ್ದ ಕಾಲ. ಅಂಥ ಕಾಲದಲ್ಲಿ ಒಂದು ಊರು. ಊರಿಗೊಂದು ಕಚೇರಿ. ಕಚೇರಿಯ ಮುಂದೆ ಬೇವಿನ ಮರ. ಮರದ ಬುಡಕ್ಕೆ ಕಟ್ಟೆ. ಕಟ್ಟೆಯ ಮೇಲೆ ಶೇಷಗಿರಿ ಕಟ್ಟಿ. ಅವನ ಕಸುಬು ಅರ್ಜಿ ಬರೆಯುವುದು. ಬೆಳಗ್ಗೆಯಿಂದ ಸಂಜೆಯವರೆಗೆ ಜನ ಅವನ ಮುಂದೆ ಕೂತು ತಮ್ಮ ತಮ್ಮ ಜಗಳ ಹೇಳುತ್ತಿದ್ದರು, ಅವನು ಬರೆಯುತ್ತಿದ್ದ. ಅಕ್ಷರ ಬಾರದವರ ಮನೆಗೆ ಕಾಗದ, ಕಾರ್ಡು ಬರೆದುಕೊಡುವವನೂ ಅವನೇ. ಹೀಗೆ ಊರಿನ ಮುಕ್ಕಾಲು ಪಾಲು ಗುಟ್ಟು ಅವನ ಮಸಿಯ ದೌತಿಯ ಮೂಲಕವೇ ಹಾದುಹೋಗುತ್ತಿತ್ತು. ಮನೆಗೆ ಹೋದ ಮೇಲೆ ಅವನು ಕರಿಗರುಡನಾಗುತ್ತಿದ್ದ. ಆ ಹೆಸರಿನಲ್ಲಿ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದ.

ಎಷ್ಟು ಬರೆದ? ನೂರು ಅಂತಾರೆ. ನೂರೆಂಟು ಅಂತಾರೆ. ಸಿಕ್ಕಿರುವುದು ಮೂವತ್ತೊಂದು. ಎಲ್ಲದರಲ್ಲೂ ಒಬ್ಬನೇ ಪತ್ತೇದಾರ, ಶೂಲಪಾಣಿ. ಶೂಲಪಾಣಿ ಓಡುವುದಿಲ್ಲ, ಪಿಸ್ತೂಲು ಹಿಡಿಯುವುದಿಲ್ಲ. ಎಲೆಅಡಿಕೆ ಹಾಕಿಕೊಂಡು ಕೂತು ಜನ ಹೇಳುವುದನ್ನು ಕೇಳುತ್ತಾನೆ. ಅರ್ಜಿ ಬರೆಯುವವನಿಗೆ ಬೇರೆ ತರಹದ ಪತ್ತೇದಾರ ಹೊಳೆಯುವುದೂ ಕಷ್ಟ.

ಇದನ್ನೆಲ್ಲ ಛಾಪಿಸುತ್ತಿದ್ದವನು ಬಂಡೆಪ್ಪ. ಅವನ ಛಾಪಖಾನೆಯಲ್ಲಿ ಅಕ್ಷರದ ಮೊಳೆಗಳು ಇದ್ದದ್ದು ಒಂದು ಫಾರಮ್ಮಿಗೆ ಸಾಲುವಷ್ಟು. ಫಾರಂ ಎಂದರೆ ಹದಿನಾರು ಪುಟ. ಹದಿನಾರು ಪುಟ ಜೋಡಿಸುವುದು, ಛಾಪಿಸುವುದು, ಮೊಳೆ ಬಿಚ್ಚಿ ಮತ್ತೆ ಪೆಟ್ಟಿಗೆಯ ಮನೆ ಮನೆಗೆ ಹಾಕುವುದು, ಮುಂದಿನ ಹದಿನಾರು ಪುಟ ಜೋಡಿಸುವುದು. ಹಾಗಾಗಿ ಕಟ್ಟಿ ವಾರಕ್ಕೊಂದು ಫಾರಂ ಬರೆದುಕೊಡುತ್ತಿದ್ದ. ಛಾಪಾದದ್ದು ಛಾಪಾಯಿತು. ಹಿಂದೆ ಹೋಗಿ ತಿದ್ದುವ ಹಾಗಿರಲಿಲ್ಲ.

ಪುಸ್ತಕವೊಂದಕ್ಕೆ ಆರು ಫಾರಂ. ಐದು ಫಾರಂ ಹೊಲಿದು ಬಂಡೆಪ್ಪ ರೊಕ್ಕ ತೆಗೆದುಕೊಂಡು ಜನರಿಗೆ ಓದಲು ಕೊಡುತ್ತಿದ್ದ. ಆರನೆಯದು ಯಾರ ಮನೆಗೂ ಹೋಗುತ್ತಿರಲಿಲ್ಲ. ಶುಕ್ರವಾರ, ಸಂತೆಯ ಹೊತ್ತಿಗೆ, ಬಂಡೆಪ್ಪ ಛಾಪಖಾನೆಯ ಮೆಟ್ಟಿಲ ಮೇಲೆ ನಿಂತು ಕೊನೆಯ ಫಾರಮ್ಮನ್ನು ಗಟ್ಟಿಯಾಗಿ ಓದುತ್ತಿದ್ದ. ಅದಕ್ಕೆ ಮೊದಲು ಒಂದು ಮಡಿಕೆ ಇಡುತ್ತಿದ್ದರು. ಕೊಲೆಗಾರ ಯಾರೆಂದು ಚೀಟಿಯಲ್ಲಿ ಬರೆದು ಮಡಿಕೆಗೆ ಹಾಕಬೇಕು. ಓದು ಮುಗಿದ ಮೇಲೆ ಮಡಿಕೆ ಒಡೆದು, ಸರಿಯಾಗಿ ಹೇಳಿದವನಿಗೆ ಬೆಲ್ಲದಚ್ಚು. ಒಂದು ಬೆಲ್ಲದಚ್ಚಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರಿದ್ದರು ಅಂತಾರೆ. ಇರಬಹುದು.

ಜನ ಅವನ ಪುಸ್ತಕಗಳಿಂದ ಬಹಳ ಕಲಿತರು ಎಂಬುದೂ ಊರಿನ ಮಾತು. 'ಕಾರ್ಡಿನ ಕಳ್ಳ' ಎಂಬುದರಲ್ಲಿ ಶೂಲಪಾಣಿ ಕಳ್ಳನನ್ನು ಹಿಡಿಯುವುದು ಅಂಚೆಯ ಮುದ್ರೆಯಿಂದ. ಪರ ಊರಿನಿಂದ ಬಂದ ಕಾರ್ಡಿಗೆ ಎರಡು ಮುದ್ರೆ ಇರುತ್ತವೆ, ಹೊರಟ ಊರಿನದೊಂದು, ಮುಟ್ಟಿದ ಊರಿನದೊಂದು. ಅದನ್ನು ಓದಿದ ಮೇಲೆ ಒಂದು ವರ್ಷ ಅಂಚೆಯವನಿಗೆ ಉಳಿಗಾಲವಿರಲಿಲ್ಲ. ಅಂಚೆಯವನ ಹೆಸರು ಲಾಡ್ಲೇಸಾಬ. ಅವನು ಕಾಗದ ಕೊಟ್ಟರೆ ಜನ ಒಡೆಯುವ ಮೊದಲು ಹಿಂದೆ ಮುಂದೆ ತಿರುಗಿಸಿ ಮುದ್ರೆ ಎಣಿಸುತ್ತಿದ್ದರು. "ಲೇ ತಮ್ಮಾ, ನಿಮ್ಮ ಅತ್ತಿ ಸತ್ತಾಳಂತ ಬರದಾರ. ಮದಲ ಅದನ್ನ ಓದು, ಆಮ್ಯಾಲ ಮುದ್ರಿ ನೋಡೀಯಂತ," ಎಂದು ಅವನು ಒಮ್ಮೆ ಬೈದದ್ದು ಗಾದೆಯಾಗಿದೆ. ಇಂಥ ಜಾಣರ ಊರು ಕಡ್ಲಿಹಾಳ.

ಈಗ ಗಿರಣಿಯ ಸಂಗತಿ.

ಊರಿನ ಹಿಟ್ಟಿನ ಗಿರಣಿ ರೇವಣಸಿದ್ದನದು. ಅವನ ಹೆಂಡತಿ ನೀಲವ್ವ. ನೀಲವ್ವನ ತಮ್ಮ ಚಂದ್ರಾಮ ಅಕ್ಕನ ಮನೆಯಲ್ಲೇ ಇದ್ದು ಗಿರಣಿ ನೋಡಿಕೊಳ್ಳುತ್ತಿದ್ದ. ಅವನಿಗೆ ಸೊಲ್ಲಾಪುರಕ್ಕೆ ಹೋಗಿ ಬಟ್ಟೆ ಮಿಲ್ಲು ಸೇರುವ ಹುಚ್ಚು. ಭಾವನಿಗೆ ಅವನನ್ನು ಬಿಟ್ಟುಕೊಡುವ ಮನಸ್ಸಿಲ್ಲ. ಒಂದು ದಿನ ಜೋಳ ತಂದ ಹೆಂಗಸರ ಎದುರಿಗೇ ಇಬ್ಬರಿಗೂ ಜಗಳವಾಯಿತು. ರೇವಣಸಿದ್ದ ಎತ್ತರದ ಆಳು, ದನಿಯೂ ಎತ್ತರದ್ದು. "ಈ ಹೊಸ್ತಿಲಾ ದಾಟಿ ನೋಡು, ಕಾಲ ಮುರದು ಕೈಯಾಗ ಕೊಡತೀನಿ," ಅಂದ. ಮಾರನೆಯ ದಿನ ಚಂದ್ರಾಮ ಇರಲಿಲ್ಲ. ಅದರ ಮಾರನೆಯ ದಿನವೂ ಇರಲಿಲ್ಲ. ಅವನ ಚಪ್ಪಲಿ ಮಾತ್ರ ಗಿರಣಿಯ ಬಾಗಿಲಲ್ಲಿ ಇದ್ದ ಹಾಗೇ ಇದ್ದವು.

ಜನ ಒಂದೆರಡು ತಿಂಗಳು ಮಾತಾಡಿ ಸುಮ್ಮನಾಗುತ್ತಿದ್ದರೇನೋ. ಅಷ್ಟರಲ್ಲಿ ಕರಿಗರುಡನ ಹೊಸ ಪುಸ್ತಕ ಬಂತು. ಹೆಸರು 'ಗಿರಣಿಯ ಗುಟ್ಟು'.

ಪುಸ್ತಕದಲ್ಲಿ ಊರಿನ ಹೆಸರು ಬೇರೆ. ಗಿರಣಿಯವನ ಹೆಸರು ಮಲ್ಲಸಿದ್ದ. ಕಾಣೆಯಾದವನ ಹೆಸರು ಶಿವರಾಮ. ಬದಲಾದದ್ದು ಇಷ್ಟೇ. ಜಗಳ ಅದೇ, ಹೊಸ್ತಿಲು ಅದೇ, ಬಾಗಿಲಲ್ಲಿ ಉಳಿದ ಚಪ್ಪಲಿ ಅದೇ. ಐದನೆಯ ಫಾರಮ್ಮಿನ ಕೊನೆಯಲ್ಲಿ ಶೂಲಪಾಣಿ ಬೀಸುವ ಕಲ್ಲಿನ ಮುಂದೆ ನಿಂತು ಒಂದು ಹಿಡಿ ಹಿಟ್ಟು ಎತ್ತಿ ಮೂಗಿಗೆ ಹಿಡಿಯುತ್ತಾನೆ. ಅಲ್ಲಿಗೆ ಪುಸ್ತಕ ನಿಂತಿತು.

ಕಟ್ಟಿ ಯಾಕೆ ಹೀಗೆ ಮಾಡಿದ? ಅವನಿಗೆ ಎಲ್ಲ ಗೊತ್ತಿತ್ತು ಅಂತಾರೆ. ನನಗೆ ಅನ್ನಿಸುವುದು ಬೇರೆ. ಕಟ್ಟೆಯ ಮೇಲೆ ಆ ತಿಂಗಳು ಎಲ್ಲರೂ ಅದನ್ನೇ ಮಾತಾಡುತ್ತಿದ್ದರು, ವಾರಕ್ಕೆ ಹದಿನಾರು ಪುಟ ತುಂಬಿಸಬೇಕಿತ್ತು, ಹತ್ತಿರ ಬಿದ್ದದ್ದನ್ನು ಎತ್ತಿಕೊಂಡ. ಅದು ಯಾರ ಮನೆಯದು ಎಂದು ಯೋಚಿಸಲಿಲ್ಲ.

ಮೊದಲು ರೇವಣಸಿದ್ದನ ಗಿರಣಿಯ ಹಿಟ್ಟಿನಲ್ಲಿ ಒಂದು ಉಗುರು ಸಿಕ್ಕಿತು ಅಂತಾರೆ. ಓಣಿ ದಾಟುವಷ್ಟರಲ್ಲಿ ಅದು ಮೂರು ಉಗುರಾಯಿತು. ಸಂತೆ ಮುಟ್ಟುವಷ್ಟರಲ್ಲಿ ಉಂಗುರ ಸಮೇತ ಬೆರಳಾಯಿತು. ಚಂದ್ರಾಮ ಹುಟ್ಟಿದಾಗಿನಿಂದ ಉಂಗುರ ಹಾಕಿದವನಲ್ಲ. ಅದನ್ನು ಯಾರೂ ಕೇಳಲಿಲ್ಲ. ಹೆಂಗಸರು ಅಟ್ಟದ ಮೇಲಿನ ಬೀಸುವ ಕಲ್ಲು ಇಳಿಸಿದರು. ಮದುವೆ ಮನೆಯವರು ಜೋಳ ಹೊತ್ತು ನಾಲ್ಕು ಹರದಾರಿ ದೂರದ ಗಿರಣಿಗೆ ನಡೆದರು. ರೇವಣಸಿದ್ದನ ಗಿರಣಿಯ ಪಟ್ಟೆ ನಿಂತಿತು. ಅವನ ಮನೆಯ ಒಲೆಗೆ ಕೆಂಡ ಕೊಡುವವರಿಲ್ಲ, ಅವನು ಬಂದರೆ ಚಹಾದಂಗಡಿಯಲ್ಲಿ ಬೆಂಚು ಖಾಲಿ. ಹುಡುಗರು ಗಿರಣಿಯ ಗೋಡೆಗೆ ಕಲ್ಲು ಹೊಡೆದು ಓಡಿಹೋಗುತ್ತಿದ್ದರು. ದೊಡ್ಡವರು ಓಡದೆ ಹೊಡೆಯುತ್ತಿದ್ದರು.

ಜನ ಠಾಣೆಯ ಫೌಜದಾರನ ಹತ್ತಿರ ಹೋದರು. ಫೌಜದಾರನೂ ಕರಿಗರುಡನ ಓದುಗ, ಐದು ಫಾರಂ ಓದಿ ಮುಗಿಸಿದ್ದ. "ಕೊನೀ ಫಾರಂ ಬರ್ಲಿ. ಕೇಳಿಕೊಂಡ ಬೇಡಿ ಹಾಕತೀನಿ," ಅಂದ. ಇದು ಕಟ್ಟುಕತೆಯಲ್ಲ. ಕಡ್ಲಿಹಾಳದವರು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ. ಫೌಜದಾರ ಬೇಡಿ ಹಾಕದಿದ್ದರೆ ಗಿರಣಿಗೆ ಬೆಂಕಿ ಹಾಕಲು ಹತ್ತು ಜನ ಸೀಮೆಎಣ್ಣೆ ಎತ್ತಿಟ್ಟಿದ್ದರು. ಅವರಿಗೆ ಬೇಕಾದದ್ದು ಶುಕ್ರವಾರದ ಹದಿನಾರು ಪುಟ ಮಾತ್ರ.

ಬುಧವಾರ ಮಧ್ಯಾಹ್ನ ನೀಲವ್ವ ಕಚೇರಿಯ ಕಟ್ಟೆಗೆ ಬಂದಳು. ಅರ್ಜಿಗೆ ಕಾದಿದ್ದವರು ಎದ್ದು ದೂರ ಸರಿದರು. ಆದರೆ ಕಿವಿ ಕೇಳದಷ್ಟು ದೂರ ಹೋಗಲಿಲ್ಲ. ಆದ್ದರಿಂದ ಅಲ್ಲಿ ಆಡಿದ ಮಾತು ಉಳಿದಿದೆ.

"ರಾಯರ, ನಿಮ್ಮ ಬುಕ್ಕಿನಾಗ ನನ್ನ ತಮ್ಮನ್ನ ಕೊಂದ್ರಿ. ಶುಕ್ರವಾರ ನನ್ನ ಗಂಡನ್ನೂ ಕೊಲ್ಲಾವ್ರೇನು?"

"ಅದು ಕತಿ, ನೀಲವ್ವ," ಅಂದ ಕಟ್ಟಿ. "ಕತಿಯೊಳಗಿನ ಗಿರಣಿಯವ ಮಲ್ಲಸಿದ್ದ."

"ಹೌದ್ರಿ, ಮಲ್ಲಸಿದ್ದ. ಮಲ್ಲಸಿದ್ದನ ಗಿರಣಿಗೆ ಜ್ವಾಳ ತರೂದು ಯಾರೂ ಬಿಟ್ಟಿಲ್ಲ. ನಮ್ಮ ಗಿರಣಿಗೆ ಬಿಟ್ಟಾರ."

ಕಟ್ಟಿ ಲೇಖನಿ ಕೆಳಗಿಟ್ಟ. ಐದು ಫಾರಂ ಛಾಪಾಗಿ ಹೋಗಿವೆ, ಮೊಳೆ ಬಿಚ್ಚಿದ್ದಾರೆ, ಹಿಂದಿನದು ತಿದ್ದಲಿಕ್ಕೆ ಬರುವುದಿಲ್ಲ ಅಂದ.

"ಹಿಂದಿಂದು ಯಾರು ಕೇಳ್ಯಾರ? ಮುಂದಿಂದು ನಿಮ್ಮ ಕೈಯಾಗ ಐತಿ."

"ಚಂದ್ರಾಮ ಎಲ್ಲಿ ಹೋಗ್ಯಾನಂತ ನಿನಗೇನರೆ ಗೊತ್ತದ ಏನು?"

"ನನಗೇನು ಗೊತ್ತರಿ. ಅವನ ಚಪ್ಪಲಿ ಬಾಗಿಲದಾಗ ಅದಾವ. ದಿನಾ ಕಸಾ ಹೊಡಿಯೂವಾಗ ಎತ್ತಿ ಇಡತೀನಿ, ಮತ್ತ ಅಲ್ಲೇ ಇಡತೀನಿ." ಆಮೇಲೆ ಆಕೆ ಹೇಳಿದ್ದು ಇಷ್ಟು: "ನನಗ ತಮ್ಮನೂ ಬೇಕು, ಗಂಡನೂ ಬೇಕು. ಒಬ್ಬನ್ನ ಒಯ್ದ ಮ್ಯಾಲೆ ಇನ್ನೊಬ್ಬನ್ನ ಒಯ್ಯಬ್ಯಾಡ್ರಿ."

ಗಂಡ ಕೊಂದಿಲ್ಲ ಎಂದು ಆಕೆ ಹೇಳಿದಳೇ? ಈ ಕತೆಯನ್ನು ನಾನು ಹದಿನೈದು ಜನರ ಬಾಯಲ್ಲಿ ಕೇಳಿದ್ದೇನೆ. ಒಬ್ಬರ ಬಾಯಲ್ಲೂ ಆ ಮಾತಿಲ್ಲ.

ಕಟ್ಟಿ ಎದ್ದು ನೇರ ಛಾಪಖಾನೆಗೆ ಹೋದ ಅಂತಾರೆ. ಹಾಳೆ ಹಿಡಿಯಲಿಲ್ಲ, ಲೇಖನಿ ಹಿಡಿಯಲಿಲ್ಲ ಅಂತಾರೆ. ಮೊಳೆ ಜೋಡಿಸುವವನ ಪಕ್ಕ ನಿಂತು ಬಾಯಿಂದಲೇ ಹದಿನಾರು ಪುಟ ಹೇಳಿದ, ಅವನು ಹೇಳಿದ ಹಾಗೆ ಮೊಳೆಗಳು ತಾವಾಗಿ ಎದ್ದು ಸಾಲಾಗಿ ನಿಂತವು ಅಂತಾರೆ. ಮೊಳೆ ಜೋಡಿಸಿದವನು ಮಾತ್ರ ಎರಡು ದಿನ ತನ್ನ ಬೆನ್ನು ನೋಯುತ್ತಿತ್ತು ಎಂದು ಹೇಳುತ್ತಿದ್ದನಂತೆ.

ಶುಕ್ರವಾರ ಬಂತು. ಸಂತೆಯಲ್ಲಿ ಕೊಳ್ಳುವವರಿಲ್ಲ, ಮಾರುವವರೂ ಇಲ್ಲ. ಎಲ್ಲರೂ ಛಾಪಖಾನೆಯ ಮುಂದೆ. ಫೌಜದಾರ ಕುರ್ಚಿ ತರಿಸಿಕೊಂಡು ಕೂತ, ಬೇಡಿ ತೊಡೆಯ ಮೇಲೆ. ರೇವಣಸಿದ್ದನನ್ನು ಇಬ್ಬರು ಪೊಲೀಸರು ಎಡಬಲಕ್ಕೆ ನಿಲ್ಲಿಸಿಕೊಂಡಿದ್ದರು. ನೀಲವ್ವ ಮಡಿಕೆಗೆ ಚೀಟಿ ಹಾಕಲು ಬಂದಾಗ ಜನ ನಕ್ಕರು. ಆಕೆಗೆ ಅಕ್ಷರ ಬರುತ್ತಿರಲಿಲ್ಲ.

ಬಂಡೆಪ್ಪ ಓದತೊಡಗಿದ.

ಶೂಲಪಾಣಿ ಹಿಟ್ಟು ಮೂಸುತ್ತಾನೆ. ಹಿಟ್ಟು ಹಿಟ್ಟಿನ ವಾಸನೆಯನ್ನೇ ಹೊಡೆಯುತ್ತದೆ. ಆಮೇಲೆ ಅವನು ಬಾಗಿಲಿಗೆ ಬಂದು ಚಪ್ಪಲಿ ಎತ್ತಿ ನೋಡುತ್ತಾನೆ. ಹೊಸ ಚಪ್ಪಲಿ, ಹಿಮ್ಮಡಿಯ ಹತ್ತಿರ ರಕ್ತದ ಕಲೆ. ಕತೆಯ ಊರಿನವರೆಲ್ಲ ಆ ಕಲೆ ನೋಡಿ ಕೊಲೆ ಅಂದಿದ್ದರು. ಶೂಲಪಾಣಿ ಕೇಳುತ್ತಾನೆ: ಶಿವರಾಮ ಸಂತೆಯ ದಿನ ಕುಂಟುತ್ತಿದ್ದುದನ್ನು ಯಾರೂ ನೋಡಲಿಲ್ಲವೇ? ಹಿಮ್ಮಡಿಗೆ ಚಿಂದಿ ಕಟ್ಟಿಕೊಂಡಿದ್ದನಲ್ಲ? ಹೊಸ ಚಪ್ಪಲಿ ಕಚ್ಚಿತ್ತು. ದೂರ ನಡೆಯಬೇಕಾದವನು ಕಚ್ಚುವ ಚಪ್ಪಲಿ ಮೆಟ್ಟಿ ಹೋಗುತ್ತಾನೆಯೇ, ಬಿಟ್ಟು ಹೋಗುತ್ತಾನೆಯೇ? ಇಲ್ಲಿ ಕೊಲೆಯೇ ಆಗಿಲ್ಲ. ಶಿವರಾಮ ಬರಿಗಾಲಲ್ಲಿ ನಡೆದು ಹೋಗಿದ್ದಾನೆ. ಇಷ್ಟು ಹೇಳಿ ಶೂಲಪಾಣಿ ಎಲೆಗೆ ಸುಣ್ಣ ಹಚ್ಚಿದ. ಪುಸ್ತಕ ಮುಗಿಯಿತು.

ಜನ ಪುಸ್ತಕ ತಿರುವಿ ನೋಡಿದರು. ಎರಡನೆಯ ಫಾರಮ್ಮಿನಲ್ಲಿ, ಇಪ್ಪತ್ತಾರನೆಯ ಪುಟದಲ್ಲಿ, ಶಿವರಾಮ ಕುಂಟುವ ಒಂದು ಸಾಲು ಇತ್ತು. ಆಗಲೇ ಕಟ್ಟಿಗೆ ಕೊನೆ ಗೊತ್ತಿತ್ತು ಅಂತಾರೆ ಜನ. ಪುಟ ತುಂಬಲು ಹಾಕಿದ ಸಾಲು ಸಮಯಕ್ಕೆ ಒದಗಿತು ಅಂತೇನೆ ನಾನು. ಆದರೆ ಒದಗಿಸಿಕೊಂಡ ಕೈ ಸಣ್ಣದಲ್ಲ, ಅದನ್ನು ಒಪ್ಪುತ್ತೇನೆ.

ಜನಕ್ಕೆ ಮೊದಲು ಬಂದದ್ದು ಸಿಟ್ಟು. ಹೆಣವಿಲ್ಲದ ಪತ್ತೇದಾರಿ ಕಾದಂಬರಿ ಅವರು ಕಂಡಿರಲಿಲ್ಲ. "ಹೆಣ ಎಲ್ಲೈತೋ ಬಂಡೆಪ್ಪಾ?" ಎಂದು ಒಬ್ಬ ಕೂಗಿದ. "ಹೆಣಾ ಕೊಡ್ರಿ, ಇಲ್ಲಾಂದ್ರ ರೊಕ್ಕಾ ಕೊಡ್ರಿ!" ಎಂದು ಇನ್ನೊಬ್ಬ. "ಹೆಣಾನ ಬೇಕಂದ್ರ ನೀನ ಮಲಕೋ, ಛಾಪಿಸ್ತೀನಿ," ಅಂದ ಬಂಡೆಪ್ಪ. ನಗು ಎದ್ದಿತು. ನಕ್ಕ ಜನ ಬೆಂಕಿ ಹಚ್ಚುವುದಿಲ್ಲ, ಬಂಡೆಪ್ಪನಿಗೆ ಅದು ಗೊತ್ತಿತ್ತು.

ಮಡಿಕೆ ಒಡೆದರು. ನೂರಾ ನಲವತ್ತು ಚೀಟಿ. ನೂರಾ ಮೂವತ್ತೊಂಬತ್ತರಲ್ಲಿ ಒಂದೇ ಹೆಸರು. ಪುಸ್ತಕದಲ್ಲಿದ್ದ ಮಲ್ಲಸಿದ್ದನ ಹೆಸರಲ್ಲ, ರೇವಣಸಿದ್ದ ಎಂದೇ ಬರೆದಿದ್ದರು. ಅದರಲ್ಲಿ ಒಂದು ಫೌಜದಾರನ ಅಕ್ಷರ. ಉಳಿದ ಒಂದು ಚೀಟಿ ಖಾಲಿ. ಖಾಲಿ ಎಂದರೆ ಯಾರೂ ಕೊಂದಿಲ್ಲ ಎಂದು ಬಂಡೆಪ್ಪ ತೀರ್ಪು ಕೊಟ್ಟು ಬೆಲ್ಲದಚ್ಚನ್ನು ನೀಲವ್ವನ ಸೆರಗಿಗೆ ಹಾಕಿದ.

ಫೌಜದಾರ ಬೇಡಿಯನ್ನು ಕಿಸೆಗೆ ಸೇರಿಸಿ, ಹದಿನೈದು ದಿನ ನೋಡುತ್ತೇನೆ ಅಂದ. ಕತೆಯಲ್ಲಿ ಶಿವರಾಮ ಹೋದರೆ ಹೋಗಲಿ, ಚಂದ್ರಾಮನ ಸುದ್ದಿ ಬರದಿದ್ದರೆ ಗಿರಣಿಯ ಕಲ್ಲು ಎಬ್ಬಿಸಿ ನೆಲ ಅಗೆಸುತ್ತೇನೆ ಅಂದ. ಪೊಲೀಸರು ಬಿಟ್ಟ ಕೂಡಲೇ ರೇವಣಸಿದ್ದ ಗಿರಣಿಯ ದಾರಿ ಹಿಡಿದ.

ಒಂಬತ್ತನೆಯ ದಿನ ಕಾರ್ಡು ಬಂತು.

ಲಾಡ್ಲೇಸಾಬ ಅದನ್ನು ನೀಲವ್ವನ ಕೈಗೆ ಕೊಟ್ಟ. ಶುಭ ಸುದ್ದಿ ತಂದಾಗ ಬೆಲ್ಲ ನೀರು ಕೇಳಿ ಕುಡಿದೇ ಹೋಗುತ್ತಿದ್ದ ಮನುಷ್ಯ ಅವತ್ತು ನಿಲ್ಲದೆ ಹೋದ. ಓಣಿಯಲ್ಲಿ ಓದು ಬಲ್ಲವನೊಬ್ಬ ಕಾರ್ಡು ಓದಿದ. ಅಷ್ಟರಲ್ಲಿ ಇಪ್ಪತ್ತು ಜನ ಸೇರಿದರು, ಇನ್ನೊಮ್ಮೆ ಓದಿದ. ಅದನ್ನು ಛಾಪಖಾನೆಯ ಮೆಟ್ಟಿಲಿಗೆ ಒಯ್ದರು, ಅಲ್ಲಿ ಬಂಡೆಪ್ಪ ಓದಿದ. ಠಾಣೆಗೆ ಒಯ್ದರು, ಫೌಜದಾರ ಓದಿದ. ನೂರು ಕೈ ದಾಟಿ, ನೂರು ಸಲ ಓದಿಸಿಕೊಂಡು ಕಾರ್ಡಿನ ಮೂಲೆ ಮೆತ್ತಗಾಯಿತು.

"ಸೊಲ್ಲಾಪುರದಿಂದ ಚಂದ್ರಾಮನು ಅಕ್ಕನಿಗೆ ಮಾಡುವ ನಮಸ್ಕಾರ. ನಾನು ಕ್ಷೇಮ ಇದ್ದೇನೆ. ಮಿಲ್ಲಿನಲ್ಲಿ ಕೆಲಸ ಸಿಕ್ಕಿದೆ. ಚಪ್ಪಲಿ ಕಚ್ಚುತ್ತಿದ್ದವು, ಬಿಟ್ಟು ಬಂದಿದ್ದೇನೆ. ಭಾವನವರ ಮೇಲೆ ಸಿಟ್ಟಿಲ್ಲ. ನನ್ನ ದಾರಿ ನೋಡಬೇಡ."

ಕೆಳಗೆ ವಿಳಾಸವಿಲ್ಲ. ಮಿಲ್ಲಿನ ಹೆಸರಿಲ್ಲ. ಚಂದ್ರಾಮನಿಗೆ ಅಕ್ಷರ ಬಾರದು, ಯಾರೋ ಬರೆದುಕೊಟ್ಟಿದ್ದಾರೆ, ಅದರಲ್ಲೇನು ಎಂದರು. ಚಪ್ಪಲಿಯ ಸಾಲು ಬಂದಾಗ ಜನ ಕುಣಿದರು. ಪುಸ್ತಕದಲ್ಲಿದ್ದದ್ದೇ ಕಾರ್ಡಿನಲ್ಲಿ! ಕರಿಗರುಡ ಮೊದಲೇ ಬರೆದಿದ್ದ! ನೂರಾ ಮೂವತ್ತೊಂಬತ್ತು ಚೀಟಿ ಬರೆದವರೇ ಮುಂದೆ ನಿಂತು ಕಟ್ಟಿಯನ್ನು ಹೆಗಲ ಮೇಲೆ ಹೊತ್ತರು. ಮೆರವಣಿಗೆ ಗಿರಣಿಯ ಮುಂದೆ ಹಾದಾಗ ಅವನು ಇಳಿಸಿರಪ್ಪ ಅಂದನಂತೆ. ಇಳಿಸಲಿಲ್ಲ.

ಮಾರನೆಯ ದಿನ ಗಿರಣಿಯ ಪಟ್ಟೆ ತಿರುಗಿತು. ಹೆಂಗಸರು ಸಾಲುಗಟ್ಟಿದರು. ಉಗುರು ಕಂಡವಳೇ ಮೊದಲು ಡಬ್ಬಿ ಇಟ್ಟಳು. ನೆಲ ಅಗೆಯುವ ಮಾತು ಅಲ್ಲಿಗೆ ನಿಂತಿತು. ರೇವಣಸಿದ್ದ ಬದುಕಿರುವವರೆಗೂ ಎತ್ತರದ ದನಿಯಲ್ಲಿ ಮಾತಾಡಲಿಲ್ಲ. ನೀಲವ್ವ ದಿನವೂ ಚಪ್ಪಲಿ ಎತ್ತಿ ಕಸ ಹೊಡೆದು ಮತ್ತೆ ಅಲ್ಲೇ ಇಡುತ್ತಿದ್ದಳು. ಕಾರ್ಡನ್ನು ಮಾತ್ರ ಆಕೆ ಮನೆಯಲ್ಲಿಟ್ಟುಕೊಳ್ಳಲಿಲ್ಲ, ಬಂಡೆಪ್ಪನಿಗೆ ಕೊಟ್ಟಳು. ಕಟ್ಟಿ ಆಮೇಲೆ ಪತ್ತೇದಾರಿ ಬರೆಯಲಿಲ್ಲ. ಕೊಲೆಗಾರರು ಹೆದರಿ ಊರು ಬಿಟ್ಟದ್ದರಿಂದ ಅವನಿಗೆ ಬರೆಯಲು ಏನೂ ಉಳಿಯಲಿಲ್ಲ ಅಂತಾರೆ. ಕಟ್ಟೆಯ ಮೇಲೆ ಕೂತು ಅರ್ಜಿ ಬರೆಯುತ್ತಲೇ ಮುದುಕನಾದ, ತೀರಿಕೊಂಡ.

ಚಂದ್ರಾಮ ಊರಿಗೆ ಬರಲೇ ಇಲ್ಲ. ಬರದಿದ್ದರೂ ಬೆಳೆದ. ಸೊಲ್ಲಾಪುರದಲ್ಲಿ ಕೂಲಿಗಳ ಮೇಲಿನ ಮುಕಾದಮನಾದ ಅಂತಾರೆ, ಆಮೇಲೆ ಮಿಲ್ಲಿನ ಮಾಲೀಕನ ಮಗಳನ್ನೇ ಮದುವೆಯಾದ ಅಂತಾರೆ, ಅವನ ಮೊಮ್ಮಕ್ಕಳು ಕಾರಿನಲ್ಲಿ ತಿರುಗುತ್ತಾರೆ ಅಂತಾರೆ. ನೋಡಿದವರು ಯಾರು ಎಂದು ಕೇಳಿದರೆ ಇನ್ನೊಬ್ಬರ ಹೆಸರು ಹೇಳುತ್ತಾರೆ. ಆ ಇನ್ನೊಬ್ಬರನ್ನು ಕೇಳಿದರೆ ಮತ್ತೊಬ್ಬರ ಹೆಸರು.

ಛಾಪಖಾನೆ ಈಗಿಲ್ಲ. ಆ ಜಾಗದಲ್ಲಿ ಬಂಡೆಪ್ಪನ ಮನೆಯವರು ನಡೆಸುವ ವಾಚನಾಲಯವಿದೆ. ಇಂದಿಗೂ ಅಲ್ಲಿ ಪತ್ತೇದಾರಿ ಪುಸ್ತಕದ ಕೊನೆಯ ಹದಿನಾರು ಪುಟ ಕತ್ತರಿಸಿ ಬೇರೆ ಇಡುತ್ತಾರೆ. ಮಡಿಕೆಗೆ ಚೀಟಿ ಹಾಕಿ, ಮೆಟ್ಟಿಲ ಮೇಲೆ ಕೂತು ಅದನ್ನು ಓದಿ ಹೋಗಬೇಕು. ಗೋಡೆಯ ಮೇಲೆ ಚಂದ್ರಾಮನ ಕಾರ್ಡಿದೆ, ಬರಹದ ಮಗ್ಗಲು ಮುಂದೆ ಕಾಣುವ ಹಾಗೆ ಗಾಜು ಹಾಕಿದ ಚೌಕಟ್ಟಿನಲ್ಲಿ. ಮನೆಯಿಂದ ಯಾರಾದರೂ ಹೇಳದೆ ಹೋಗಿಬಿಟ್ಟರೆ ಕಡ್ಲಿಹಾಳದ ಜನ ಪೊಲೀಸರಿಗಿಂತ ಮೊದಲು ಅಲ್ಲಿಗೆ ಬರುತ್ತಾರೆ. ಗಾಜು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಹೋದವರ ಹೆಸರು ಬರೆದು, ಕ್ಷೇಮ ಇದ್ದಾನೆ, ಚಪ್ಪಲಿ ಬಿಟ್ಟು ಹೋಗಿದ್ದಾನೆ ಎಂದು ಒಂದು ಚೀಟಿ ಬರೆದು ಚೌಕಟ್ಟಿನ ಸಂದಿಗೆ ಸಿಕ್ಕಿಸಿ ಹೋಗುತ್ತಾರೆ. ಬಹಳ ಜನ ತಿರುಗಿ ಬಂದಿದ್ದಾರೆ ಅಂತಾರೆ. ಬಾರದವರ ಲೆಕ್ಕ ಯಾರೂ ಇಟ್ಟಿಲ್ಲ.

ಹೋದ ವರ್ಷ ಚೌಕಟ್ಟಿಗೆ ಗೆದ್ದಲು ಹಿಡಿಯಿತು. ಹೊಸದು ಹಾಕಿಸಿಕೊಂಡು ಬನ್ನಿ ಎಂದು ನನ್ನ ಕೈಗೆ ಕೊಟ್ಟರು. ಬಡಗಿ ಮೊಳೆ ಕಿತ್ತು ಕಾರ್ಡು ಹೊರತೆಗೆದ. ನಾನು ತಿರುಗಿಸಿ ನೋಡಿದೆ.

ವಿಳಾಸದ ಮಗ್ಗಲಲ್ಲಿ ಇರುವುದು ಒಂದೇ ಮುದ್ರೆ. ಕಡ್ಲಿಹಾಳದ್ದು.